ಇಪ್ಪತ್ತೊಂದು ತುಂಬುವ ಮುಂಚಿನ ಮಾತು

ಮದುವೆಯಾಗದೆ ಒಂದೇ ಮನೆಯಲ್ಲಿ ಬಾಳುವ ಯುವಕ ಯುವತಿಯರು ಬಿ.ಟಿ.ಎಂ. ಬಡಾವಣೆ, ಜೆ.ಪಿ. ನಗರಗಳ ಬಾಡಿಗೆ ಮನೆಗಳಲ್ಲಿ ಈಗ ಅಪರೂಪವಲ್ಲ. ಅವರಲ್ಲಿ ನಮ್ಮ ಧರ್ಮಕೇಂದ್ರಗಳ ಮಕ್ಕಳೂ ಇದ್ದಾರೆ ಎಂಬುದನ್ನು ಒಪ್ಪಿಕೊಂಡೇ ಮಾತು ಆರಂಭಿಸೋಣ. ಇದು ಪಾಪವೇ ಎಂದು ಕೇಳಿದರೆ ಧರ್ಮಸಭೆಯ ಉತ್ತರ ವಾಚಕರಿಗೆ ಗೊತ್ತೇ ಇದೆ. ನಾನು ಕೇಳಬಯಸುವುದು ಬೇರೆ. ಹುಡುಗನೊಬ್ಬ ಹುಡುಗಿಗೆ ಕೊಟ್ಟ ಮಾತನ್ನು ಲೋಕವು ಅವನ ಎಷ್ಟನೆಯ ವಯಸ್ಸಿನಿಂದ ಮಾತೆಂದು ಎಣಿಸುತ್ತದೆ?

ಹುಡುಗನಿಗೆ 20, ಹುಡುಗಿಗೆ 19 ಎಂದಿಟ್ಟುಕೊಳ್ಳಿ. 18 ತುಂಬಿದ ಇಬ್ಬರು ಒಟ್ಟಿಗೆ ಬಾಳುವುದು ಅಪರಾಧವಲ್ಲ. ಗಂಡಿಗೆ 21 ಆಗಿರದಿದ್ದರೂ ಅವರಿಗೆ ಆ ಹಕ್ಕುಂಟು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಕೇರಳದ ಮೊಕದ್ದಮೆಯೊಂದರಲ್ಲಿ ಹೇಳಿತು. ಅದೇ ಜೋಡಿ ಮದುವೆಯಾದರೋ? 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಕಣ್ಣಿಗೆ 21 ತುಂಬದ ಗಂಡು ಇನ್ನೂ ಮಗು. ಹೆಚ್ಚಿನ ರಾಜ್ಯಗಳಲ್ಲಿ ಅಂಥ ಮದುವೆಯನ್ನು ಮುಂದೆ ರದ್ದುಮಾಡಿಸಬಹುದು, ಅಷ್ಟೆ. ಕರ್ನಾಟಕದಲ್ಲಿ 2016ರ ತಿದ್ದುಪಡಿಯ ಪ್ರಕಾರ ಅದು ಮೊದಲಿನಿಂದಲೇ ಮದುವೆಯಲ್ಲ. ಕೂಡಿ ಬಾಳಲು ಬಾಗಿಲು ತೆರೆದಿದೆ, ಕೈಹಿಡಿಯಲು ಮುಚ್ಚಿದೆ. ವಿಚಿತ್ರವಲ್ಲವೇ?

ಇದರ ಭಾರ ಬೀಳುವುದು ಹುಡುಗಿಯ ಮೇಲೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯು ಮದುವೆಯಂಥ ಸಂಬಂಧದಲ್ಲಿರುವ ಸ್ತ್ರೀಗೂ ಆಸರೆ, ಜೀವನಾಂಶ ಕೊಡುತ್ತದೆ. ಅಂಥ ಸಂಬಂಧ ಯಾವುದು? ವೇಲುಸಾಮಿ ಮೊಕದ್ದಮೆಯಲ್ಲಿ (2010) ಸುಪ್ರೀಂ ಕೋರ್ಟ್ ಅದನ್ನು ಪರದೇಶಗಳ 'ಕಾಮನ್ ಲಾ ಮದುವೆ'ಗೆ ಹೋಲಿಸಿ ಷರತ್ತುಗಳನ್ನಿಟ್ಟಿತು. ಜೋಡಿಯು ಸಮಾಜದೆದುರು ಸತಿಪತಿಯರಂತೆ ನಡೆದುಕೊಂಡಿರಬೇಕು, ಗಣನೀಯ ಕಾಲ ಸ್ವಇಚ್ಛೆಯಿಂದ ಬಾಳಿರಬೇಕು, ಮದುವೆಗೆ ಬೇರೆ ಅಡ್ಡಿಯಿರಬಾರದು. ಇಬ್ಬರಿಗೂ ಮದುವೆಯ ವಯಸ್ಸು ಆಗಿರಬೇಕು. ಹಾಗಾದರೆ ನಮ್ಮ ಹುಡುಗ 21 ತುಂಬುವ ಮುನ್ನವೇ ಗಂಟುಮೂಟೆ ಕಟ್ಟಿದರೆ, ಅವಳ ಕೈಯಲ್ಲಿ ಉಳಿಯುವುದೇನು? ಷರತ್ತುಗಳು ಕಾಗದದ ಮೇಲಷ್ಟೇ ಇಲ್ಲ. ವಿವಾಹಿತನೊಡನೆ ಹಲವು ವರ್ಷ ಬಾಳಿದ ಬೆಂಗಳೂರಿನ ಮಹಿಳೆಯೊಬ್ಬರಿಗೆ ಮ್ಯಾಜಿಸ್ಟ್ರೇಟರು ತಿಂಗಳಿಗೆ 18,000 ರೂಪಾಯಿ ಕೊಡಿಸಿದ್ದರು. ಹೈಕೋರ್ಟ್ ಅದನ್ನು ತಳ್ಳಿಹಾಕಿತು. 2013ರಲ್ಲಿ ಸುಪ್ರೀಂ ಕೋರ್ಟೂ ಹಾಗೆಯೇ ಹೇಳಿತು. ಅಲ್ಲಿ ಅಡ್ಡಬಂದದ್ದು ವಯಸ್ಸಲ್ಲ, ಅವನ ಮೊದಲ ಮದುವೆ. ಒಂದು ಷರತ್ತು ತಪ್ಪಿದರೂ ಬಾಳಿದ ವರ್ಷಗಳು ಲೆಕ್ಕಕ್ಕೆ ಬರಲಿಲ್ಲ.

ಧರ್ಮಸಭೆ ಈ ಸಂಕಟವನ್ನು ಹಿಂದೆಯೇ ಕಂಡಿತ್ತು. ಒಂದು ಕಾಲಕ್ಕೆ 14ರ ಗಂಡು, 12ರ ಹೆಣ್ಣು ಗುಟ್ಟಾಗಿ ಒಪ್ಪಿಗೆ ಹೇಳಿಕೊಂಡರೂ ಮದುವೆ ಸಿಂಧುವಾಗುತ್ತಿತ್ತು. ಗುಟ್ಟಿನಲ್ಲಿ ಕೈಹಿಡಿದವಳನ್ನು ಬಿಟ್ಟು ಇನ್ನೊಬ್ಬಳನ್ನು ಬಹಿರಂಗವಾಗಿ ವರಿಸುವವರನ್ನು ನೋಡಿ ನೋಡಿ, 1563ರಲ್ಲಿ ಟ್ರೆಂಟ್ ಮಹಾಸಭೆಯು ವಿಚಾರಣಾ ಗುರುಗಳನ್ನೂ ಸಾಕ್ಷಿಗಳನ್ನೂ ಕಡ್ಡಾಯ ಮಾಡಿತು. ವಯಸ್ಸಿನ ವಿಷಯದಲ್ಲಿ ಮಾತ್ರ ನಾವು ಬೀಗುವಂತಿಲ್ಲ. 1983ರ ಧರ್ಮಸಭಾ ಕಾನೂನು ಸಂಹಿತೆಯ 1083ನೆಯ ನಿಯಮ ಇಂದಿಗೂ 16 ಮತ್ತು 14 ಎನ್ನುತ್ತದೆ. ಇಲ್ಲಿ ನಾಡಿನ ಕಾಯ್ದೆಯೇ ಮೇಲು ಎಂದು ನನ್ನ ಅನಿಸಿಕೆ. ಹೆಣ್ಣಿಗೂ 21 ಮಾಡಬೇಕೆಂದು 2021ರಲ್ಲಿ ತಂದ ಮಸೂದೆ 2024ರಲ್ಲಿ ಲೋಕಸಭೆಯೊಡನೆ ಬಿದ್ದುಹೋಯಿತು.

ಹಾಗಾಗಿ ಕಾಯುವ ಹೊಣೆ ಮೊದಲು ಹುಡುಗನದು. ತನ್ನ ಮಾತಿಗೆ ಯಾರೂ ತನ್ನನ್ನು ಹಿಡಿದು ನಿಲ್ಲಿಸಲಾಗದ ವಯಸ್ಸಿನಲ್ಲಿ, ಅದೇ ಮಾತಿನ ಬಲದ ಮೇಲೆ ಅವಳಿಂದ ತವರು ಬಿಡಿಸುವುದು ಪ್ರೀತಿಯಾದರೂ ನ್ಯಾಯವಲ್ಲ. ಈಗಾಗಲೇ ಬಿಟ್ಟು ಬಂದವಳಿಗೆ ಏನು ಹೇಳೋಣ? "21 ಆಗುವವರೆಗೆ ಮನೆಗೆ ಬಂದಿರು" ಎನ್ನುವುದು ಸುಲಭ. ಅವಳು ಜಯನಗರದ ಆ ಮನೆಗೆ ಪೆಟ್ಟಿಗೆ ಹಿಡಿದು ಬಂದರೆ ಬಾಗಿಲು ತೆರೆಯುವವರು ಯಾರು, ತೆರೆದ ಮೇಲೆ ಮೊದಲು ಆಡುವ ಮಾತು ಯಾವುದು ಎಂಬುದನ್ನು ತಂದೆತಾಯಿಯರು ಇವತ್ತೇ ಕೂತು ಮಾತಾಡಿಕೊಳ್ಳಬೇಕಾಗಿದೆ.