ಒಂದು ಮತ, ಹಲವು ಬೆಲೆ

ಪ್ರಜಾಪ್ರಭುತ್ವ ಉಳಿಯುವುದು ಸೋತವರ ಒಪ್ಪಿಗೆಯಿಂದ. ಚುನಾವಣೆಯಲ್ಲಿ ಸೋತ ಪಕ್ಷ ಕುರ್ಚಿ ಬಿಟ್ಟುಕೊಟ್ಟು ಮುಂದಿನ ಸರದಿಗೆ ಕಾಯಲು ಸಿದ್ಧವಿದ್ದರೆ ಮಾತ್ರ ವ್ಯವಸ್ಥೆ ನಡೆಯುತ್ತದೆ. ಅದಕ್ಕೆ ಸೋಲು ತಾಳಿಕೊಳ್ಳುವಂತಿರಬೇಕು, ಗೆದ್ದವರಿಗೆ ಗೆಲುವಿನಿಂದ ಏನಾದರೂ ದಕ್ಕಬೇಕು. ಅಸಮಾನತೆ ಆಳವಾಗಿ ಬೇರೂರಿದ ಸಮಾಜದಲ್ಲಿ ಈ ಎರಡೂ ಕೆಡುತ್ತವೆ. ಮೇಲಿನವರಿಗೆ ಒಂದೇ ಸೋಲಿನಲ್ಲಿ ಭೂಮಿ, ಬಂಡವಾಳ, ತಲೆಮಾರುಗಳಿಂದ ಬಂದ ಗತ್ತು ಕೈಬಿಟ್ಟುಹೋದೀತೆಂಬ ಭಯ. ಕೆಳಗಿನವರಿಗೆ ಎಷ್ಟು ಸಲ ಗೆದ್ದರೂ ಕೂಲಿ ಕೂಲಿಯಾಗಿಯೇ, ಕೇರಿ ಕೇರಿಯಾಗಿಯೇ ಉಳಿಯುತ್ತದೆಂಬ ಅನುಭವ.

ಈ ಚಿಂತೆ ಪ್ರಜಾಪ್ರಭುತ್ವದಷ್ಟೇ ಹಳೆಯದು. ಶ್ರೀಮಂತರೂ ಬಡವರೂ ಮಾತ್ರ ಇರುವ ನಗರದಲ್ಲಿ ಒಡೆಯರು ಮತ್ತು ಆಳುಗಳು ಇರಬಹುದೇ ಹೊರತು ಸಮಾನ ಪ್ರಜೆಗಳಿರಲಾರರು, ಮಧ್ಯಮ ಸ್ಥಿತಿಯವರು ಹೆಚ್ಚಿರುವ ರಾಜ್ಯವೇ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಅರಿಸ್ಟಾಟಲ್ ತನ್ನ ‘ಪಾಲಿಟಿಕ್ಸ್’ ಗ್ರಂಥದಲ್ಲಿ ವಾದಿಸಿದ. (ಅವನ ಕಾಲದ ಅಥೆನ್ಸಿನಲ್ಲಿ ಹೆಂಗಸರಿಗೂ ಗುಲಾಮರಿಗೂ ಮತವಿರಲಿಲ್ಲ; ಅವನ ಲೆಕ್ಕದಲ್ಲಿ ಅವರು ಪ್ರಜೆಗಳೇ ಅಲ್ಲ.) 1762ರಲ್ಲಿ ಪ್ರಕಟವಾದ ‘ಸಾಮಾಜಿಕ ಒಪ್ಪಂದ’ದಲ್ಲಿ ರೂಸೋ ಇದನ್ನು ವ್ಯಾಪಾರದ ಮಾತಿನಲ್ಲಿ ಹೇಳಿದ: ಇನ್ನೊಬ್ಬರನ್ನು ಕೊಳ್ಳುವಷ್ಟು ಸಿರಿ ಯಾರಿಗೂ ಇರಬಾರದು, ತನ್ನನ್ನೇ ಮಾರಿಕೊಳ್ಳುವಷ್ಟು ಬಡತನವೂ ಇರಬಾರದು.

ಭಾರತದ ಸಂದರ್ಭದಲ್ಲಿ ಈ ವಿಚಾರಕ್ಕೆ ಅತ್ಯಂತ ಸ್ಪಷ್ಟವಾದ ರೂಪ ಕೊಟ್ಟವರು ಬಿ.ಆರ್. ಅಂಬೇಡ್ಕರ್. ಇಂಗ್ಲೆಂಡಿನಲ್ಲಿ ಮತದ ಹಕ್ಕು 1832ರಿಂದ ಹಂತಹಂತವಾಗಿ ಹಿಗ್ಗಿತು. ಹೆಂಗಸರಿಗೆ ಗಂಡಸರ ಸರಿಸಮನಾಗಿ ದೊರೆತದ್ದು 1928ರಲ್ಲಿ. ಭಾರತದಲ್ಲಿ ಅದು ಒಂದೇ ಸಲಕ್ಕೆ ಎಲ್ಲ ವಯಸ್ಕರಿಗೂ ಬಂತು, ಅದೂ ಸಮಾನತೆ ಬರುವುದಕ್ಕೆ ಬಹಳ ಮೊದಲೇ. ಇದರ ಅಪಾಯವನ್ನು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯ ಮುಂದೆ ಬಿಚ್ಚಿಟ್ಟರು. ಸಂವಿಧಾನ ಜಾರಿಯಾದ ದಿನದಿಂದ ರಾಜಕೀಯದಲ್ಲಿ ಪ್ರತಿ ಮತಕ್ಕೂ ಒಂದೇ ಬೆಲೆ. ಸಮಾಜದಲ್ಲಿ, ಆರ್ಥಿಕ ಬದುಕಿನಲ್ಲಿ ಪ್ರತಿ ಮನುಷ್ಯನಿಗೂ ಒಂದೇ ಬೆಲೆ ಎಂಬ ತತ್ತ್ವಕ್ಕೆ ಮಾತ್ರ ನಿರಾಕರಣೆ. ಈ ವಿರೋಧಾಭಾಸ ಬೇಗ ತೊಲಗದಿದ್ದರೆ ಅಸಮಾನತೆಯಲ್ಲಿ ಬೆಂದವರೇ ರಾಜಕೀಯ ಪ್ರಜಾಪ್ರಭುತ್ವದ ಕಟ್ಟಡವನ್ನು ಸ್ಫೋಟಿಸುತ್ತಾರೆಂದು ಅವರು ಎಚ್ಚರಿಸಿದರು.

ಅವರ ವಿಚಾರದ ತಿರುಳು ರಾಜಕೀಯ ಪ್ರಜಾಪ್ರಭುತ್ವ ಮತ್ತು ಸಾಮಾಜಿಕ ಪ್ರಜಾಪ್ರಭುತ್ವ ಎಂಬ ಭೇದದಲ್ಲಿದೆ. ಮೊದಲನೆಯದು ಮತಪೆಟ್ಟಿಗೆ, ಶಾಸನಸಭೆ, ನ್ಯಾಯಾಲಯ. ಎರಡನೆಯದು ಸ್ವಾತಂತ್ರ್ಯ, ಸಮಾನತೆ, ಸಹೋದರತೆ ಮೂರನ್ನೂ ಒಟ್ಟಿಗೆ ಒಪ್ಪಿಕೊಂಡ ಜೀವನಕ್ರಮ. ಈ ಮೂರನ್ನು ಬಿಡಿಬಿಡಿಯಾಗಿ ಕಾಣುವುದನ್ನು ಅವರು ಒಪ್ಪಲಿಲ್ಲ. ಸಮಾನತೆಯಿಲ್ಲದ ಸ್ವಾತಂತ್ರ್ಯ ಕೆಲವರು ಹಲವರ ಮೇಲೆ ಸವಾರಿ ಮಾಡಲು ಪರವಾನಗಿಯಾಗುತ್ತದೆ. ಸಹೋದರತೆಯಿಲ್ಲದಿದ್ದರೆ ಉಳಿದೆರಡನ್ನೂ ಪೊಲೀಸರೇ ಕಾಯಬೇಕಾಗುತ್ತದೆ. ಜಾತಿಯನ್ನು ಅವರು ಬರಿಯ ಬಡತನದ ಇನ್ನೊಂದು ಹೆಸರೆಂದು ನೋಡದಿದ್ದದ್ದೂ ಇದಕ್ಕೇ. ಬಡವ ಮುಂದೆಂದಾದರೂ ಹಣವಂತನಾಗಬಹುದು, ಆದರೆ ಜಾತಿ ಹುಟ್ಟಿನೊಂದಿಗೇ ಬಂದ ಶ್ರೇಣಿ. ಅದು ಮತದಾರರನ್ನು ಪರಸ್ಪರ ಬೆರೆಯದ ಗುಂಪುಗಳಾಗಿ ಒಡೆಯುತ್ತದೆ. ಇಂದಿನ ಅಲ್ಪಸಂಖ್ಯೆ ನಾಳೆ ಬಹುಸಂಖ್ಯೆಯಾದೀತೆಂಬ ನಿರೀಕ್ಷೆಗೆ ಅಲ್ಲಿ ಎಡೆಯಿಲ್ಲ.

ಅಂಬೇಡ್ಕರ್ ಭಯಪಟ್ಟದ್ದು ಕೆಳಗಿನಿಂದ ಬರುವ ಸ್ಫೋಟಕ್ಕೆ. ಚರಿತ್ರೆಯಲ್ಲಿ ಹೆಚ್ಚು ಕಾಣುವುದು ಮೇಲಿನಿಂದ ನಡೆಯುವ ಸವೆತ. ಅಮೆರಿಕದಲ್ಲಿ ಜನಾಂಗದ ಕಾರಣಕ್ಕೆ ಮತದ ಹಕ್ಕು ನಿರಾಕರಿಸುವಂತಿಲ್ಲವೆಂಬ ತಿದ್ದುಪಡಿ 1870ರಲ್ಲೇ ಬಂದಿತ್ತು. ಗುಲಾಮಗಿರಿಯಿಂದ ಬಿಡುಗಡೆಯಾದವರು ಮತ ಹಾಕಿದರು, ಶಾಸನಸಭೆಗಳಿಗೆ ಆರಿಸಿ ಬಂದರು. ದಕ್ಷಿಣದ ತೋಟದೊಡೆಯರಿಗೆ ಅದು ಸಹಿಸಲಾಗದ ಸೋಲು. ಹಿಂಸೆಯಿಂದ ಆರಂಭವಾದ ಪ್ರತಿರೋಧ ಕಾನೂನಿನಲ್ಲಿ ಮುಗಿಯಿತು. ಲೂಯಿಸಿಯಾನಾ ರಾಜ್ಯ 1898ರಲ್ಲಿ ಓದುಬರಹ ಇಲ್ಲವೇ ಆಸ್ತಿಯನ್ನು ಮತಕ್ಕೆ ಷರತ್ತಾಗಿಸಿತು. 1867ಕ್ಕೆ ಮುಂಚೆ ಅಪ್ಪನೋ ಅಜ್ಜನೋ ಮತದಾರನಾಗಿದ್ದರೆ ಷರತ್ತು ಅನ್ವಯಿಸದೆಂದು ಬಿಳಿಯರಿಗೆ ಹಿಂಬಾಗಿಲು ತೆರೆದಿಟ್ಟಿತು. 1896ರಲ್ಲಿ ಅಲ್ಲಿ 1,30,000ಕ್ಕೂ ಹೆಚ್ಚಿದ್ದ ಕಪ್ಪು ಮತದಾರರು 1904ರ ಹೊತ್ತಿಗೆ ಸುಮಾರು 1,340ಕ್ಕೆ ಇಳಿದರು. ಸಂವಿಧಾನ, ಚುನಾವಣೆ, ನ್ಯಾಯಾಲಯ ಎಲ್ಲವೂ ಇದ್ದವು. ಇದನ್ನು ಸರಿಪಡಿಸುವ ಮತದಾನ ಹಕ್ಕುಗಳ ಕಾಯ್ದೆ ಬಂದದ್ದು 1965ರಲ್ಲಿ.

ತಮಿಳುನಾಡಿನ ಮದುರೈ ಜಿಲ್ಲೆಯ ಪಾಪ್ಪಾಪಟ್ಟಿ, ಕೀರಿಪಟ್ಟಿ, ನಾಟ್ಟಾರ್‌ಮಂಗಲಂ ಗ್ರಾಮಗಳಲ್ಲಿ ಕಾನೂನು ತಿದ್ದುವ ಕಷ್ಟವನ್ನೂ ಯಾರೂ ತೆಗೆದುಕೊಳ್ಳಲಿಲ್ಲ. 1996ರಲ್ಲಿ ಈ ಪಂಚಾಯಿತಿಗಳ ಅಧ್ಯಕ್ಷ ಸ್ಥಾನ ದಲಿತರಿಗೆ ಮೀಸಲಾಯಿತು. ಊರಿನ ಪ್ರಬಲ ಜಾತಿಯ ವಿರೋಧದಿಂದ ಒಮ್ಮೆ ನಾಮಪತ್ರವೇ ಬರಲಿಲ್ಲ, ಇನ್ನೊಮ್ಮೆ ಗೆದ್ದವರು ಕೂಡಲೇ ರಾಜೀನಾಮೆ ಕೊಟ್ಟರು. ಜಮೀನು, ಕೂಲಿ, ದಾರಿ, ನೀರು ಎಲ್ಲವೂ ಎದುರಾಳಿಯ ಕೈಯಲ್ಲಿರುವಾಗ ಚುನಾವಣೆಗೆ ನಿಲ್ಲುವುದೆಂದರೆ ಅನ್ನವನ್ನೇ ಪಣಕ್ಕಿಟ್ಟಂತೆ. ದಲಿತ ಅಧ್ಯಕ್ಷರು ಆಯ್ಕೆಯಾಗಿ ಅಧಿಕಾರದಲ್ಲಿ ಉಳಿಯಲು 2006ರವರೆಗೆ ಕಾಯಬೇಕಾಯಿತು.

ಹಣದ ಅಸಮಾನತೆ ಇಷ್ಟು ಸದ್ದು ಮಾಡುವುದಿಲ್ಲ. ಮತ ಎಣಿಕೆಯ ದಿನ ಎಲ್ಲರೂ ಸಮಾನರು. ಅಭ್ಯರ್ಥಿ ಯಾರು, ಚರ್ಚೆಗೆ ಬರುವ ವಿಷಯ ಯಾವುದು ಎಂಬುದು ಅದಕ್ಕೂ ಮುಂಚೆ ಹಣವಿದ್ದಲ್ಲಿ ನಿರ್ಧಾರವಾಗಿರುತ್ತದೆ. ದೇಣಿಗೆ ಕೊಟ್ಟವರ ಹೆಸರನ್ನು ಮತದಾರರಿಂದ ಮರೆಮಾಡಿದ್ದ ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ರದ್ದುಪಡಿಸಿತು. ಆರ್ಥಿಕ ಅಸಮಾನತೆ ರಾಜಕೀಯ ಪಾಲ್ಗೊಳ್ಳುವಿಕೆಯ ಅಸಮಾನತೆಯಾಗಿ ಮಾರ್ಪಡುವುದನ್ನು ಆ ತೀರ್ಪು ಗುರುತಿಸಿತು.

ಹಾಗಿದ್ದರೆ ಇಷ್ಟು ಅಸಮಾನ ದೇಶದಲ್ಲಿ ಚುನಾವಣಾ ವ್ಯವಸ್ಥೆ ಬಾಳಿದ್ದು ಹೇಗೆ? ಅಂಬೇಡ್ಕರ್ ಹೇಳಿದ ಸ್ಫೋಟ ಆಗಲಿಲ್ಲವೆಂಬುದು ನಿಜ. ಮತದಾನದ ಸಾಲಿನಲ್ಲಿ ಬಡವರೂ ತಳಜಾತಿಯವರೂ ಶ್ರೀಮಂತರಿಗಿಂತ ಹಿಂದೆ ಬಿದ್ದಿಲ್ಲ. ಬದುಕಿನ ಬೇರೆಲ್ಲೂ ಸಿಗದ ಸಮಾನತೆ ಆ ಒಂದು ದಿನ ಸಿಗುವುದು ಇದಕ್ಕೊಂದು ಕಾರಣವಿರಬೇಕು. ಇನ್ನೊಂದು ಕಾರಣ, ಗೆಲುವಿಗೆ ಆಗಾಗ ಫಲ ಸಿಕ್ಕಿದ್ದು. ಕರ್ನಾಟಕದಲ್ಲಿ ದೇವರಾಜ ಅರಸು ಸರ್ಕಾರ 1972ರಲ್ಲಿ ಹಾವನೂರು ಆಯೋಗ ನೇಮಿಸಿ ಹಿಂದುಳಿದ ವರ್ಗಗಳಿಗೆ ದಾರಿ ತೆರೆಯಿತು. 1974ರಲ್ಲಿ ಜಾರಿಯಾದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರು ಭೂ ನ್ಯಾಯಮಂಡಳಿಗಳ ಮೂಲಕ ಹೊಲದೊಡೆಯರಾದರು, ಕರಾವಳಿ ಮತ್ತು ಮಲೆನಾಡಿನಲ್ಲಿ ವಿಶೇಷವಾಗಿ. 1983ರ ಪಂಚಾಯತ್ ಕಾಯ್ದೆ ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಿಟ್ಟದ್ದು ಸಂವಿಧಾನದ 73ನೇ ತಿದ್ದುಪಡಿಗಿಂತ ಸುಮಾರು ಹತ್ತು ವರ್ಷ ಮುಂಚೆ. ಧಣಿಯ ಜಗುಲಿಯ ಕೆಳಗೆ ನಿಲ್ಲುತ್ತಿದ್ದ ಗೇಣಿದಾರ ಪಹಣಿಯಲ್ಲಿ ತನ್ನ ಹೆಸರು ಕಂಡ ಮೇಲೆ ಅವನ ಮತದ ತೂಕವೇ ಬೇರೆ. ಅದನ್ನು ಯಾರ ಮುಖ ನೋಡಿಯೂ ಹಾಕಬೇಕಾಗಿಲ್ಲ.

ಈ ಸುಧಾರಣೆಗೂ ಮಿತಿಯಿತ್ತು. ಕಾಯ್ದೆ ಗುರುತಿಸಿದ್ದು ಗೇಣಿದಾರನನ್ನು. ಗೇಣಿಯೂ ಇಲ್ಲದೆ ದಿನಗೂಲಿಗೆ ದುಡಿಯುತ್ತಿದ್ದ ಭೂಹೀನರಿಗೆ, ಅವರಲ್ಲಿ ಬಹಳಷ್ಟು ಮಂದಿ ದಲಿತರು, ದಕ್ಕಿದ್ದು ಕಡಿಮೆ. ಶಾಸನಸಭೆ ಕೊಟ್ಟದ್ದನ್ನು ಶಾಸನಸಭೆಯೇ ಸಡಿಲಿಸಬಲ್ಲದು ಕೂಡ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕರ್ನಾಟಕ 2020ರಲ್ಲಿ ತೆಗೆದುಹಾಕಿತು.