ಮರಣದ ರೀತಿ ಮತ್ತು ಸಾಧುತ್ವ

ಗುರುಗಳ ಸಾಧುತ್ವವನ್ನು ಅವರ ಮರಣದ ರೀತಿಯಿಂದ ನಿರ್ಣಯಿಸಬಹುದೇ? ನಮ್ಮ ಸೀಮೆಯ ಶ್ರಾವಕರಿಗೆ ಇದು ಬರಿಯ ಶಾಸ್ತ್ರಚರ್ಚೆಯಾಗಿ ಉಳಿದಿಲ್ಲ.

ಈಗಿನ ನಿಪ್ಪಾಣಿ ತಾಲೂಕಿನ ಭೋಜ ಗ್ರಾಮದವರಾದ ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು, ದೃಷ್ಟಿ ಮಂದವಾಗಿ ಜೀವದಯೆಯ ಪಾಲನೆ ದುಸ್ತರವಾದಾಗ ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿ, ೩೬ ದಿನಗಳ ಬಳಿಕ, ೧೯೫೫ರ ಸೆಪ್ಟೆಂಬರ್ ೧೮ರಂದು ಸಮಾಧಿ ಹೊಂದಿದರು. ಚಿಕ್ಕೋಡಿ ತಾಲೂಕಿನ ಹಿರೇಕೋಡಿಯ ನಂದಿಪರ್ವತದಲ್ಲಿದ್ದ ಆಚಾರ್ಯ ಶ್ರೀ ಕಾಮಕುಮಾರನಂದಿ ಮಹಾರಾಜರಾದರೋ ೨೦೨೩ರ ಜುಲೈಯಲ್ಲಿ ಕೊಲೆಗೀಡಾದರು; ಅವರ ದೇಹವು ರಾಯಬಾಗ ತಾಲೂಕಿನ ಖಟಕಬಾವಿಯ ಕೊಳವೆಬಾವಿಯಲ್ಲಿ ದೊರೆಯಿತು. ಮೊದಲನೆಯ ಮರಣವನ್ನು ಮಹೋತ್ಸವವೆಂದು ಸ್ಮರಿಸುವವರೂ ಎರಡನೆಯದನ್ನು ನೆನೆದು, 'ಮಹಾವ್ರತಿಗಳಿಗೆ ಇಂಥ ಅಂತ್ಯವೇ?' ಎಂದು ಸಂದೇಹಪಡುವುದುಂಟು.

ಸಂದೇಹಕ್ಕೆ ಶಾಸ್ತ್ರಾಧಾರವೂ ಇರುವಂತೆ ತೋರುತ್ತದೆ. ತಪಸ್ಸಿನ ಫಲವು ಅಂತ್ಯಕಾಲದ ಸಮಾಧಿಯಲ್ಲಿದೆಯೆಂಬುದು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರ ಬೋಧೆ. ಆದರೆ ಸಮಾಧಿಯೆಂದರೆ ಕಷಾಯಗಳು ಕೃಶವಾಗಿ ಪರಿಣಾಮವು ಸಮವಾಗಿರುವುದು. ದೇಹದ ವೇದನೆಯು ಅಸಾತಾವೇದನೀಯ ಕರ್ಮದ ಉದಯದಿಂದ. ರಾಗದ್ವೇಷಗಳು ಮೋಹನೀಯ ಕರ್ಮದಿಂದ. ಸಾಧುತ್ವವು ಮೋಹನೀಯವನ್ನು ಅಡಗಿಸುವುದರಲ್ಲಿದೆ. ಹೀಗಿರಲು ವೇದನೆಯನ್ನು ಕಂಡು ಮೋಹವನ್ನು ಅಳೆಯುವುದು ಹೇಗೆ? ವಡ್ಡಾರಾಧನೆಯ ಸುಕುಮಾರಸ್ವಾಮಿಯ ದೇಹವನ್ನು ನರಿಗಳು ತಿಂದವು. ಆದರೂ ನಾವು ಅವರನ್ನು ಆರಾಧಕರೆಂದೇ ವಂದಿಸುತ್ತೇವೆ.

'ಸುಕುಮಾರಸ್ವಾಮಿಯ ಸಮತೆಯನ್ನು ಕಥೆಯು ತಿಳಿಸುತ್ತದೆ. ಹಿರೇಕೋಡಿಯ ಗುರುಗಳ ಕೊನೆಯ ಕ್ಷಣವನ್ನು ಬಲ್ಲವರಾರು?' ಎಂದು ಕೇಳಬಹುದು. ನಿಜ, ಅದು ಕೇವಲಿಗಮ್ಯ. ಆದರೆ ೩೬ ದಿನಗಳ ಉಪವಾಸದ ಅಂತರಂಗವೂ ಚರ್ಮಚಕ್ಷುವಿಗೆ ಗೋಚರವಲ್ಲ. ಜೀವಿತಾಶಂಸೆ, ಮರಣಾಶಂಸೆ, ಮಿತ್ರಾನುರಾಗ, ಸುಖಾನುಬಂಧ, ನಿದಾನ ಎಂಬ ಸಲ್ಲೇಖನದ ೫ ಅತಿಚಾರಗಳೂ ಮನಸ್ಸಿನಲ್ಲಿಯೇ ಹುಟ್ಟತಕ್ಕವು. ಶಾಂತಿಸಾಗರರ ಸಮಾಧಿಯನ್ನು ನಾವು ನಂಬುವುದು ದಿನಗಳನ್ನು ಎಣಿಸಿಯಲ್ಲ. ೧೯೨೦ರ ಮುನಿದೀಕ್ಷೆಯಿಂದ ೩೫ ವರ್ಷ ಅವರು ನಡೆಸಿದ ನಿರತಿಚಾರ ಚರ್ಯೆಯನ್ನು ನೋಡಿ. ಬಾಳು ಮರಣಕ್ಕೆ ಸಾಕ್ಷಿ ನುಡಿಯಬಲ್ಲುದು. ಮರಣವೊಂದೇ ಬಾಳಿಗೆ ಸಾಕ್ಷಿಯಾಗದು. ಆದುದರಿಂದ ಕೊಲೆಗೀಡಾದ ಮುನಿಗಳನ್ನೂ ಅವರು ಪಾಲಿಸಿದ ವ್ರತಗಳಿಂದಲೇ ಅರಿಯಬೇಕು. ಹಿಂಸೆಯ ಕಳಂಕವು ಹಿಂಸಿಸಿದವನನ್ನು ಅಂಟುತ್ತದೆ, ಹಿಂಸೆಗೊಳಗಾದವರನ್ನಲ್ಲ.

ಗೃಹಸ್ಥರಾದ ನಮಗೂ ಮರಣವು ಮುನ್ಸೂಚನೆ ಕೊಟ್ಟೇ ಬರುವುದೆಂಬ ಭರವಸೆಯಿಲ್ಲ. ರಾತ್ರಿ ಮಲಗುವ ಮುನ್ನ ಸರ್ವಜೀವರಲ್ಲಿ ಕ್ಷಮೆ ಬೇಡಿ, ತಾವೂ ಕ್ಷಮಿಸಿ, ಎಚ್ಚರವಾಗುವವರೆಗೆ ಆಹಾರ ಪರಿಗ್ರಹಗಳ ತ್ಯಾಗವನ್ನು ಸಂಕಲ್ಪಿಸುವ ನಿಯಮವು ನಮ್ಮ ಹಿರಿಯರಲ್ಲಿತ್ತು. ಆ ನಿಯಮವನ್ನು ಮನೆಮನೆಯಲ್ಲಿ ಮತ್ತೆ ಪಾಲಿಸುವುದು ಶ್ರೇಯಸ್ಕರ.