ಯಾವ ನರಸಿಂಹ?

ರಥಸಪ್ತಮಿಯ ಆಸುಪಾಸಿನಲ್ಲಿ ಹೇಮಗಿರಿಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಬೆಟ್ಟದ ಮೇಲೆ ಕಲ್ಯಾಣ ವೆಂಕಟರಮಣಸ್ವಾಮಿ, ಕೆಳಗೆ ಹೇಮಾವತಿ, ಮಾಳದ ತುಂಬ ಹಳ್ಳಿಕಾರ್ ಎತ್ತುಗಳ ಸಾಲು. ಕೊಂಬಿಗೆ ಎಣ್ಣೆ, ಕೊರಳಿಗೆ ಗೆಜ್ಜೆ, ಹೊಸ ಮೂಗುದಾರ. ಬೆಲೆಯ ಮಾತು ಬಾಯಿಂದ ಬರುವುದಿಲ್ಲ. ಟವೆಲಿನ ಮರೆಯಲ್ಲಿ ಬೆರಳು ಬೆರಳಿಗೆ ಹೇಳಿಕೊಳ್ಳುತ್ತದೆ. ಅಂಥ ಒಂದು ಜಾತ್ರೆಯಲ್ಲಿ ನಾನು ನಿಂತಿದ್ದಾಗ ಹಿಂದಿನಿಂದ ಹುಡುಗನೊಬ್ಬ "ನರಸಿಮ್ಮಣ್ಣೋ" ಎಂದು ಕೂಗಿದ. ಮೂರು ಜನ ಒಟ್ಟಿಗೇ ತಿರುಗಿದರು. ಅವರಲ್ಲೊಬ್ಬರ ಕೈ ಇನ್ನೂ ಟವೆಲಿನ ಒಳಗೇ ಇತ್ತು. "ಯಾವ್ ನರಸಿಮ್ಮನ್ಲಾ?" ಎಂದರು. "ಬಂಡಿಹೊಳೆ ನರಸಿಮ್ಮಣ್ಣನ್ನ ಕಣಣ್ಣ, ನಿಮ್ಮನ್ನಲ್ಲ" ಎಂದ ಹುಡುಗ. ಇಬ್ಬರು ಮತ್ತೆ ತಮ್ಮ ಎತ್ತುಗಳ ಕಡೆ ತಿರುಗಿದರು. ಮೂರನೆಯವರು ಕೈಲಿದ್ದ ಕಣ್ಣಿಯನ್ನು ಗೂಟಕ್ಕೆ ಸುತ್ತಿ ಹುಡುಗನ ಹಿಂದೆ ಹೊರಟರು.

ಅಷ್ಟೇ ನಡೆದದ್ದು. ಆದರೆ "ಯಾವ ನರಸಿಂಹ?" ಎಂಬ ಆ ಪ್ರಶ್ನೆ ನನ್ನ ಜೊತೆಯಲ್ಲೇ ಮನೆಗೆ ಬಂತು. ಈ ಸೀಮೆಯಲ್ಲಿ ಅದು ದಿನವೂ ಕೇಳುವ ಪ್ರಶ್ನೆ. ನಮ್ಮಲ್ಲಿ ನರಸಿಂಹಯ್ಯ, ನರಸೇಗೌಡ, ನರಸಯ್ಯ, ನರಸಮ್ಮ, ಲಕ್ಷ್ಮೀನರಸಿಂಹ ಇಲ್ಲದ ಊರನ್ನು ಹುಡುಕುವುದು ಕಷ್ಟ. ಜಾತಿಯ ಗೆರೆಯನ್ನೂ ಈ ಹೆಸರು ಲೆಕ್ಕಿಸಲಿಲ್ಲ. ಪುರೋಹಿತರ ಮನೆಯ ತೊಟ್ಟಿಲಿಗೂ ಬೇಸಾಯಗಾರರ ಮನೆಯ ತೊಟ್ಟಿಲಿಗೂ ಅದೇ ಹೆಸರು ಇಳಿಯಿತು.

ಕಾರಣ ದೂರ ಹುಡುಕಬೇಕಿಲ್ಲ. ಮೇಲುಕೋಟೆಯ ಬೆಟ್ಟದ ತುದಿಯಲ್ಲಿ ಯೋಗಾನರಸಿಂಹ ಕುಳಿತಿದ್ದಾನೆ. ಹೇಮಾವತಿಯ ಗುಂಟ ನಡೆದರೆ ಮೇಲಕ್ಕೆ ಹೊಳೆನರಸೀಪುರ, ಕೆಳಕ್ಕೆ ಅಕ್ಕಿಹೆಬ್ಬಾಳು. ಎರಡು ಕಡೆಯೂ ಲಕ್ಷ್ಮೀನರಸಿಂಹ. ಹೇಮಾವತಿ ಕಾವೇರಿಯನ್ನು ಕೂಡಿ ಮುಂದೆ ಸಾಗಿದರೆ ಶ್ರೀರಂಗಪಟ್ಟಣದಲ್ಲಿ ಒಬ್ಬ ನರಸಿಂಹ, ಇನ್ನೂ ಮುಂದೆ ತಿರುಮಕೂಡಲಿನಲ್ಲಿ ಗುಂಜಾನರಸಿಂಹ. ಹೀಗೆ ನೀರಿನ ಜೊತೆಯಲ್ಲೇ ಹರಿದು ಬಂದ ಹೆಸರು ಇದು.

ಇದೇ ನೆಲದಿಂದ ಹದಿನೈದು ವರ್ಷಗಳ ಅಂತರದಲ್ಲಿ ಕನ್ನಡಕ್ಕೆ ಮೂವರು ನರಸಿಂಹರು ಬಂದರು. 1900ರಲ್ಲಿ ಅಕ್ಕಿಹೆಬ್ಬಾಳಿನ ನರಸಿಂಹಮೂರ್ತಿರಾಯರು, ನಾವು ಎ.ಎನ್. ಮೂರ್ತಿರಾವ್ ಎಂದು ಓದುವವರು. 1905ರಲ್ಲಿ ಮೇಲುಕೋಟೆಯ ನರಸಿಂಹಾಚಾರ್ಯರು, ನಮ್ಮ ಪು.ತಿ.ನ. 1915ರಲ್ಲಿ ಕಿಕ್ಕೇರಿಯ ನರಸಿಂಹಸ್ವಾಮಿ, ನಮ್ಮ ಕೆ.ಎಸ್.ನ. ಅಕ್ಕಿಹೆಬ್ಬಾಳು, ಕಿಕ್ಕೇರಿ ಎರಡೂ ಕೃಷ್ಣರಾಜಪೇಟೆ ತಾಲ್ಲೂಕಿನವು; ಮೇಲುಕೋಟೆ ಪಕ್ಕದ ಪಾಂಡವಪುರದ್ದು. ಮೂವರಿಗೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಮೂವರೂ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು: ಪು.ತಿ.ನ. 1981ರಲ್ಲಿ ಚಿಕ್ಕಮಗಳೂರಿನಲ್ಲಿ, ಮೂರ್ತಿರಾಯರು 1984ರಲ್ಲಿ ಕೈವಾರದಲ್ಲಿ, ಕೆ.ಎಸ್.ನ. 1990ರಲ್ಲಿ ಮೈಸೂರಿನಲ್ಲಿ. ಪಂಪ ಪ್ರಶಸ್ತಿಯೂ ಕೆಲವೇ ವರ್ಷಗಳ ಅಂತರದಲ್ಲಿ ಮೂವರನ್ನೂ ಹುಡುಕಿಕೊಂಡು ಬಂತು. ಪು.ತಿ.ನ. 1998ರಲ್ಲಿ ತೀರಿಕೊಂಡರು. ಉಳಿದಿಬ್ಬರು ಒಂದೇ ವರ್ಷ, 2003ರಲ್ಲಿ, ನಾಲ್ಕು ತಿಂಗಳ ಅಂತರದಲ್ಲಿ ಹೋದರು. ಆಗ ಮೂರ್ತಿರಾಯರಿಗೆ ನೂರು ದಾಟಿ ಮೂರು ವರ್ಷವಾಗಿತ್ತು.

ಹೆಸರು ಒಂದು, ಸೀಮೆ ಒಂದು, ಸಂದ ಗೌರವವೂ ಹೆಚ್ಚುಕಡಿಮೆ ಒಂದೇ. ಆದರೆ ಮೂವರ ಪುಸ್ತಕಗಳನ್ನು ಒಂದೇ ದಿನ ಕೈಗೆತ್ತಿಕೊಂಡು ನೋಡಿ. ಮೂರು ಬೇರೆ ಬೇರೆ ಮನೆಗಳಿಗೆ ಹೋಗಿಬಂದಂತಾಗುತ್ತದೆ.

ಪು.ತಿ.ನ. ಅವರದು ದೇವರ ಮನೆ. ಹೊಟ್ಟೆಪಾಡಿಗೆ ಮೈಸೂರು ಸಂಸ್ಥಾನದ ಸೈನ್ಯ ಇಲಾಖೆಯಲ್ಲಿ ದುಡಿದರೂ ಅವರ ಮನಸ್ಸು ಮೇಲುಕೋಟೆಯ ಯದುಗಿರಿಯನ್ನು ಬಿಟ್ಟು ಇಳಿಯಲಿಲ್ಲ. 'ಮಲೆದೇಗುಲ'ದ ನೆಲೆ ಆ ಬೆಟ್ಟವೇ. 'ಗೋಕುಲ ನಿರ್ಗಮನ'ದಲ್ಲಿ ಕೃಷ್ಣ ಗೋಕುಲವನ್ನು ಬಿಟ್ಟು ಹೋಗುವ ನೋವನ್ನು ಅವರು ಸಂಗೀತದಲ್ಲಿ ನೆನೆಸಿ ಕೊಟ್ಟರು. ಅವರಿಗೆ ದೇವರು ಸಿದ್ಧಾಂತವಲ್ಲ, ನೆರೆಯವನು.

ಕೆ.ಎಸ್.ನ. ಅವರದು ಗಂಡ-ಹೆಂಡಿರ ಮನೆ. ಗುಮಾಸ್ತಿಕೆಯ ಸಂಬಳದಲ್ಲಿ ಬದುಕು ನಡೆಸಿದ ಈ ಕವಿ 1942ರಲ್ಲಿ 'ಮೈಸೂರ ಮಲ್ಲಿಗೆ'ಯನ್ನು ಕೊಟ್ಟರು. ಪ್ರೇಮವೆಂದರೆ ಮದುವೆಗೆ ಮೊದಲಿನ ಕಥೆ ಎಂದುಕೊಂಡಿದ್ದವರಿಗೆ, ತವರಿನ ದಾರಿಯಲ್ಲಿ, ಪಡಸಾಲೆಯಲ್ಲಿ, ಬಾಗಿಲ ಮರೆಯಲ್ಲಿ ಬಳೆಯ ಸದ್ದಾಗಿ ಇರುವ ಪ್ರೇಮವನ್ನು ತೋರಿಸಿದರು. ಕನ್ನಡದಲ್ಲಿ ಇಷ್ಟು ಸಲ ಅಚ್ಚಾದ ಕವನ ಸಂಕಲನಗಳು ವಿರಳ.

ಮೂರ್ತಿರಾಯರದು ಪ್ರಶ್ನೆಯ ಮನೆ. ಇಂಗ್ಲಿಷ್ ಮೇಷ್ಟರಾಗಿ ದುಡಿದು, 1937ರಲ್ಲಿ 'ಹಗಲುಗನಸುಗಳು' ಎಂಬ ಪ್ರಬಂಧಗಳಿಂದ ಕನ್ನಡದ ಹರಟೆಗೆ ಹೊಸ ಹದ ತಂದವರು. 1991ರಲ್ಲಿ, ತೊಂಬತ್ತು ದಾಟಿದ ಮೇಲೆ, 'ದೇವರು' ಎಂಬ ಪುಸ್ತಕವನ್ನೇ ಪ್ರಕಟಿಸಿದರು. ದೇವರಿದ್ದಾನೆಂದು ನಂಬಲು ತಮಗೆ ಆಧಾರ ಕಾಣಲಿಲ್ಲವೆಂಬುದನ್ನು ಮರೆಮಾಚದೆ, ಯಾರನ್ನೂ ಹಳಿಯದೆ ಅದರಲ್ಲಿ ವಿಚಾರ ಮಾಡಿದರು.

ನನ್ನ ಮನಸ್ಸು ಮತ್ತೆ ಮತ್ತೆ ನಿಲ್ಲುವುದು ಇಲ್ಲಿ. ದೇವರ ಹೆಸರನ್ನು ನೂರು ವರ್ಷ ಹೊತ್ತ ಮನುಷ್ಯ, ಆ ದೇವರು ಇದ್ದಾನೆಯೇ ಎಂದು ಕೇಳಿದರು. ಹೆಸರಿನ ಕಥೆಯಲ್ಲೇ ಈ ಪ್ರಶ್ನೆ ಇದೆ. ಹಿರಣ್ಯಕಶಿಪುವೂ ಮಗನನ್ನು ಇದನ್ನೇ ಕೇಳಿದ್ದ. ಆದರೆ ಅವನ ಪ್ರಶ್ನೆಯ ಹಿಂದೆ ಗದೆಯಿತ್ತು, ಉತ್ತರ ಬೇಕಿರಲಿಲ್ಲ. ಮೂರ್ತಿರಾಯರ ಪ್ರಶ್ನೆಯ ಹಿಂದೆ ಗದೆ ಇಲ್ಲ. ಮುಪ್ಪಿನಲ್ಲೂ ಸುಳ್ಳಿನ ಸಮಾಧಾನ ಬೇಡವೆಂಬ ಹಟ ಇದೆ. ಪ್ರಶ್ನೆ ಅದೇ, ಕೇಳುವವನ ಮನಸ್ಸು ಬೇರೆಯಾದಾಗ ಅದರ ಅರ್ಥವೂ ಬೇರೆಯಾಯಿತು. ಗೌರಿಬಿದನೂರು ಕಡೆಯಿಂದ ಬಂದ ಇನ್ನೊಬ್ಬ ನರಸಿಂಹ, ಎಚ್. ನರಸಿಂಹಯ್ಯನವರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದನ್ನು ನೆನೆದರೆ, ಕಂಬವನ್ನು ತಟ್ಟಿ ನೋಡುವ ಕೆಲಸವೂ ಈ ಹೆಸರಿನವರಿಗೆ ಸೇರಿದ್ದೇ ಎನ್ನಿಸುತ್ತದೆ. ಪು.ತಿ.ನ. ಅವರ ಭಕ್ತಿಯನ್ನೂ ಮೂರ್ತಿರಾಯರ ಸಂದೇಹವನ್ನೂ ಒಂದೇ ಹೆಸರು ತಾಳಿಕೊಂಡಿತು.

ಅವರಿಗಿಂತ ಮೊದಲು ಈ ಹೆಸರನ್ನು ಅರಸರು ಹೊತ್ತಿದ್ದರು. 7ನೆಯ ಶತಮಾನದಲ್ಲಿ ನಮ್ಮ ಇಮ್ಮಡಿ ಪುಲಕೇಶಿಯನ್ನು ಸೋಲಿಸಿ ಬಾದಾಮಿಯನ್ನು ಹಿಡಿದ ಪಲ್ಲವ ದೊರೆಯ ಹೆಸರು ನರಸಿಂಹವರ್ಮ. ಹೊಯ್ಸಳರಲ್ಲಿ ಮೂವರು ನರಸಿಂಹರು ಆಳಿದರು. ಕೊನಾರ್ಕದ ಸೂರ್ಯ ದೇಗುಲ ಕಟ್ಟಿಸಿದ ಗಂಗ ದೊರೆ ನರಸಿಂಹದೇವ. ಶ್ರೀರಂಗಪಟ್ಟಣದಿಂದ 1638ರಿಂದ 1659ರವರೆಗೆ ಆಳಿದವರು ಕಂಠೀರವ ನರಸರಾಜ ಒಡೆಯರು. ಅಲ್ಲಿಯ ನರಸಿಂಹ ದೇವಸ್ಥಾನ ಅವರು ಕಟ್ಟಿಸಿದ್ದು, ಅವರ ವಿಗ್ರಹವೂ ಅದರೊಳಗಿದೆ. ಕಂಠೀರವ ಎಂದರೂ ಸಿಂಹವೇ. ಒಂದು ಸಿಂಹ ಸಾಲದೆಂಬಂತೆ ಎರಡು!

ನನಗೆ ತೋರುವುದು ಇಷ್ಟು. ನರಸಿಂಹ ಎಂಬ ಹೆಸರಿನಲ್ಲಿ ಎರಡು ತುಂಡುಗಳಿವೆ. ಅರಸರು ಅದರಲ್ಲಿ ಸಿಂಹವನ್ನು ಕೇಳಿಸಿಕೊಂಡರು. ಈ ಸೀಮೆಯ ಬರಹಗಾರರು ನರನನ್ನು ಕೇಳಿಸಿಕೊಂಡರು. ಕನ್ನಡಿಗರ ನಾಲಗೆಯಲ್ಲಿ ಅವರ ಹೆಸರು ಸವೆದು ಸವೆದು ಉಳಿದದ್ದು ಏನು? ಪು.ತಿ.ನ., ಕೆ.ಎಸ್.ನ. ಅದು ನರನ 'ನ'. ಮೂರ್ತಿರಾಯರ ವಿಷಯದಲ್ಲಂತೂ ಆ ಅಕ್ಷರ ಊರಿಗೂ ಮೂರ್ತಿಗೂ ನಡುವೆ ಒಂದು 'ಎನ್.' ಆಗಿ ಅಡಗಿ ಕುಳಿತಿದೆ. ಯಾರೂ ಬೇಕೆಂದು ಹೀಗೆ ಮಾಡಿದ್ದಲ್ಲ, ಓದುಗರ ಬಾಯಲ್ಲಿ ತಾನಾಗಿ ಆದದ್ದು. ಆದರೂ ನರನ ಅಳಲು, ಒಲವು, ಅನುಮಾನಗಳನ್ನೇ ಬಾಳೆಲ್ಲ ಬರೆದವರಿಗೆ ಆ ಅಕ್ಷರ ಉಳಿದದ್ದು ಸರಿಯಾಗಿಯೇ ಇದೆ.

ಕಿಕ್ಕೇರಿಗೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಅಲ್ಲಿ ಒಬ್ಬ ಹೆಣ್ಣುಮಗಳು 1171ರಲ್ಲಿ ಕಟ್ಟಿಸಿದ ಬ್ರಹ್ಮೇಶ್ವರ ದೇವಾಲಯವಿದೆ. ಆಗ ಆಳುತ್ತಿದ್ದವನು ಹೊಯ್ಸಳ ಒಂದನೆಯ ನರಸಿಂಹ. ಏಳೂವರೆ ಶತಮಾನಕ್ಕೆ ಸ್ವಲ್ಪ ಕಡಿಮೆ ಕಾಲ ಕಳೆದ ಮೇಲೆ ಅದೇ ಊರಲ್ಲಿ ಇನ್ನೊಬ್ಬ ನರಸಿಂಹ ಹುಟ್ಟಿದ. ರಾಜ್ಯವಿದ್ದವನ ಹೆಸರು ಶಾಸನದಲ್ಲಿದೆ. ಬಾಡಿಗೆ ಮನೆಗಳಲ್ಲಿ ಬದುಕಿದವನ ಹೆಸರು ಮದುವೆ ಮನೆಯ ಹಾಡಿನಲ್ಲಿದೆ.

ಅರಸರನ್ನೂ ಕವಿಗಳನ್ನೂ ನಾವು ಗುರುತಿಸುವ ಬಗೆಯೂ ಬೇರೆ. ಒಂದೇ ಹೆಸರಿನ ಅರಸರಿಗೆ ಸಂಖ್ಯೆ ಕೊಡುತ್ತೇವೆ: ಒಂದನೆಯ, ಎರಡನೆಯ, ಮೂರನೆಯ ನರಸಿಂಹ. ಒಂದೇ ಹೆಸರಿನ ಜನರಿಗೆ ಊರು ಕೊಡುತ್ತೇವೆ. ಜಾತ್ರೆಯ ಹುಡುಗ ಮಾಡಿದ್ದೂ ಅದನ್ನೇ. ಕನ್ನಡದ ಇನಿಷಿಯಲ್ ಎಂದರೆ ಜಾತ್ರೆಯ ಆ ಉತ್ತರವೇ ಚಿಕ್ಕದಾಗಿ ಕಾಗದಕ್ಕೆ ಇಳಿದದ್ದು. ಕೆ. ಎಂದರೆ ಕಿಕ್ಕೇರಿ, ಎಸ್. ಎಂದರೆ ತಂದೆ ಸುಬ್ಬರಾಯರು, ಆಮೇಲೆ ತಾನು. ಮೊದಲು ನೆಲ, ಆಮೇಲೆ ಹಿರಿಯರು, ಕೊನೆಗೆ ನಾನು. ಇಷ್ಟು ವಿನಯದ ಸಹಿ ಬೇರೆ ಯಾವುದಿದ್ದೀತು? ಪುಸ್ತಕ ಭಂಡಾರದಲ್ಲಿ ಆರ್. ನರಸಿಂಹಾಚಾರ್, ಡಿ.ಎಲ್. ನರಸಿಂಹಾಚಾರ್, ಪು.ತಿ. ನರಸಿಂಹಾಚಾರ್ ಅಕ್ಕಪಕ್ಕ ಕುಳಿತಿರುತ್ತಾರೆ. ಒಬ್ಬರು ಹಳೆಯ ಕವಿಗಳ ಚರಿತ್ರೆ ಕಟ್ಟಿಕೊಟ್ಟವರು, ಒಬ್ಬರು ಹಳೆಯ ಪಠ್ಯಗಳನ್ನು ತಿದ್ದಿಕೊಟ್ಟವರು, ಒಬ್ಬರು ಹೊಸ ಕಾವ್ಯ ಬರೆದವರು. ಹೆಸರು ಅವರನ್ನು ಒಂದು ಸಾಲಿನಲ್ಲಿ ಕೂಡಿಸುತ್ತದೆ. ಒಬ್ಬರನ್ನು ಇನ್ನೊಬ್ಬರಿಂದ ಬಿಡಿಸಿ ತೋರಿಸುವುದು ಆ ಒಂದೆರಡು ಅಕ್ಷರ.

ನಮ್ಮ ಮನೆಯಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಇತ್ತು. ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ಹೇಳುವಂತಿರಲಿಲ್ಲ. ಹಾಗಾಗಿ ನಮ್ಮ ತಾಯಿ ನಮ್ಮ ಅಣ್ಣನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. "ಅಪ್ಪಯ್ಯಾ, ಬಾ ಉಣ್ಣು" ಎನ್ನುತ್ತಿದ್ದರು. ಮೂಗು ಸೋರುವ ಐದು ವರ್ಷದ ಹುಡುಗನಿಗೆ ಅಪ್ಪಯ್ಯ ಎಂಬ ಮರ್ಯಾದೆ. ಹೆಣ್ಣಿನ ಬಾಯಿ ಕಟ್ಟಿದ ಪದ್ಧತಿ ಅದು, ಹೋದದ್ದು ಒಳ್ಳೆಯದೇ ಆಯಿತು. ಆದರೆ ಆ ಕರೆಯಲ್ಲಿ ಇನ್ನೊಂದು ತಿಳಿವಳಿಕೆಯೂ ಇತ್ತು: ಈ ಹೆಸರು ನಿನ್ನೊಬ್ಬನದಲ್ಲ, ಇದರಲ್ಲಿ ಮೊದಲೇ ಒಬ್ಬರು ಬಾಳಿದ್ದಾರೆ, ನೀನು ಹೋದ ಮೇಲೂ ಇನ್ನೊಬ್ಬರು ಬರುತ್ತಾರೆ. ಇವತ್ತು ನಾವು ಮಗುವಿಗೆ ಯಾರೂ ಇಡದ ಹೆಸರನ್ನು ಮೊಬೈಲಿನಲ್ಲಿ ರಾತ್ರಿಯೆಲ್ಲ ಹುಡುಕುತ್ತೇವೆ. ಅದು ಪ್ರೀತಿಯಿಂದಲೇ ಮಾಡುವ ಕೆಲಸ, ತಪ್ಪೆನ್ನಲಾರೆ. ಆದರೆ ಬೇರೆಯವರಂತಾಗದಿರಲು ಬೇರೆ ಹೆಸರು ಬೇಕೇ ಬೇಕು ಎಂಬ ನಂಬಿಕೆಗೆ ಹೇಮಾವತಿ ಸೀಮೆಯ ಈ ನರಸಿಂಹರು ಒಪ್ಪುವುದಿಲ್ಲ. ಸಾವಿರ ಜನ ಬಳಸಿದ ಹೆಸರನ್ನೇ ಹೊತ್ತು ಅವರು ಒಬ್ಬರಂತೆ ಒಬ್ಬರಾಗದೆ ಬಾಳಿದರು. ಹೆಸರನ್ನು ತಮ್ಮದಾಗಿ ಮಾಡಿಕೊಳ್ಳುವ ಕೆಲಸವನ್ನು ಹೆಸರಿಟ್ಟವರ ಮೇಲೆ ಹಾಕದೆ ತಾವೇ ಮಾಡಿದರು.

ಜಾತ್ರೆಯಲ್ಲಿ ತಿರುಗಿ ನೋಡಿದ ಆ ಮೂವರ ಹೆಸರು ಯಾವ ಪುಸ್ತಕದ ಮೇಲೂ ಬರಲಾರದು. ಎತ್ತು ಕಟ್ಟಿ, ಹೇಮಗಿರಿ ಕಟ್ಟೆಯ ನಾಲೆ ನೀರಲ್ಲಿ ಗದ್ದೆ ನೆಟ್ಟು, ಮಕ್ಕಳನ್ನು ದಡ ಮುಟ್ಟಿಸಿದ ಬಾಳು ಅವರದು. ಯಾವ ನರಸಿಂಹ ಎಂದು ಕೇಳಿದರೆ ಊರಿನವರು ಹೇಳುತ್ತಾರೆ: ಬರಗಾಲದಲ್ಲಿ ಹುಲ್ಲು ಹಂಚಿದ ನರಸಿಂಹ, ಮಾತಿಗೆ ತಪ್ಪದ ನರಸಿಂಹ. ಕವಿಗೆ ಕಾವ್ಯ ಹೇಗೋ ಇವರಿಗೆ ಆ ಒಂದು ಮಾತು ಹಾಗೆ. ಪ್ರಶ್ನೆಗೆ ಊರು ಅರ್ಧ ಉತ್ತರ ಕೊಡುತ್ತದೆ. ಮಿಕ್ಕರ್ಧವನ್ನು ಪ್ರತಿಯೊಬ್ಬರೂ ಬಾಳಿಯೇ ಹೇಳಬೇಕು.

ಕಳೆದ ವರ್ಷ ನಮ್ಮ ಬಳಗದಲ್ಲಿ ಒಂದು ಮಗುವಿಗೆ ನಾಮಕರಣ ಮಾಡಿದರು. ಹರಿವಾಣದಲ್ಲಿ ಅಕ್ಕಿ ಹರಡಿ, ಉಂಗುರ ಹಿಡಿದು ಅಪ್ಪ ಬರೆದ. ಮುತ್ತಜ್ಜನ ಹೆಸರು, ನರಸಿಂಹ. ಅಕ್ಕಿಯಲ್ಲಿ ಗೀರಿದ ಅಕ್ಷರ ಅಷ್ಟು ಸ್ಪಷ್ಟವಿರಲಿಲ್ಲ. 'ನ' ಮಾತ್ರ ಚೆನ್ನಾಗಿ ಮೂಡಿತ್ತು. ಮಗುವಿನ ಕಿವಿಯಲ್ಲಿ ಹೆಸರು ಹೇಳಿ, ಆರತಿ ಎತ್ತಿ ಎಲ್ಲರೂ ಎದ್ದ ಮೇಲೆ ಅಜ್ಜಿ ಬಂದು ಹರಿವಾಣವನ್ನು ಸೆರಗಿಗೆ ಓರೆ ಮಾಡಿದರು. ಅಕ್ಷರಗಳು ಜರಿದು ಅಕ್ಕಿಯಾದವು. "ಇದನ್ನ ಪಾಯಸಕ್ಕೆ ಹಾಕ್ತೀನಿ" ಎನ್ನುತ್ತ ಅವರು ಒಳಗೆ ಹೋದರು. ತೊಟ್ಟಿಲಲ್ಲಿ ಮಗು ಕಣ್ಣು ಬಿಟ್ಟುಕೊಂಡು ಮಲಗಿತ್ತು. ಅದಕ್ಕೆ ಹೆಸರಿನ್ನೂ ಗೊತ್ತಿರಲಿಲ್ಲ.